ಬಾಗಿಲು ಎರಡು ದಿನ ತೆಗೆದರೆ ಸಾಲದು, ಸ್ಟುಡಿಯೋದ ಕೀಲಿಯೂ ಊರಿಗೆ ಬೇಕು

ಸ್ಟುಡಿಯೋ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಆಲ್ಬಂ, ಫ್ಲೆಕ್ಸ್ ಡಿಸೈನ್. ಒಳಗೆ ಹೋದರೆ "ಗದ್ದ ಸ್ವಲ್ಪ ಮೇಲೆ ಮಾಡ್ರಿ" ಅನ್ನುತ್ತಾರೆ, ನಾವು ಹೇಳಿದ ಹಾಗೆ ಕೂರುತ್ತೇವೆ. ಟೀವಿ ಸ್ಟುಡಿಯೋ ಅಂದರೆ ಬೆಂಗಳೂರು. ಅಲ್ಲಿ ನಾಲ್ಕು ಜನ ಕೂತು ನಮ್ಮ ಊರಿನ ಬರಗಾಲದ ಬಗ್ಗೆ ಮಾತಾಡುತ್ತಾರೆ, ನಾವು ಇಲ್ಲಿ ಕೂತು ಕೇಳುತ್ತೇವೆ. ಎರಡೂ ಕಡೆ ಕ್ಯಾಮೆರಾ ಇನ್ನೊಬ್ಬರ ಕೈಯಲ್ಲಿ.

ಮೂರನೆಯ ಬಗೆಯ ಸ್ಟುಡಿಯೋ ಒಂದಿದೆ. ಅದಕ್ಕೆ ಸಮುದಾಯ ಸ್ಟುಡಿಯೋ ಅನ್ನುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ಇರುವ ಹಾಗೆ ಅಲ್ಲಿ ಕ್ಯಾಮೆರಾ, ಮೈಕು, ಲೈಟು, ಎಡಿಟಿಂಗ್ ಮಾಡುವ ಕಂಪ್ಯೂಟರ್ ಇರುತ್ತವೆ. ಕಲಿಸುವವರು ಒಬ್ಬಿಬ್ಬರು ಇರುತ್ತಾರೆ. ಸುತ್ತಲಿನ ಜನ ಬಂದು ಕಲಿತು ತಮಗೆ ಬೇಕಾದ ಸಿನಿಮಾ, ತಮಗೆ ಬೇಕಾದ ಕಾರ್ಯಕ್ರಮ ತಾವೇ ಮಾಡುತ್ತಾರೆ. ಕೆಲವು ಕಡೆ ಇಂಥ ಸ್ಟುಡಿಯೋಗಳು ವರ್ಷಕ್ಕೊಮ್ಮೆ ಎರಡು ದಿನ ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತವೆ. ಹಾಡು, ಆಟ, ಚಿತ್ರ ಪ್ರದರ್ಶನ, ಕ್ಯಾಮೆರಾ ಹಿಡಿದು ನೋಡುವ ಅವಕಾಶ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಕಲೆಯ ಸಂತೆ.

ಇಂಥ ಸ್ಟುಡಿಯೋ ತಾಲೂಕಿಗೊಂದು ಬೇಕು, ಇಂಥ ಸಂತೆಯೂ ಬೇಕು ಅನ್ನುವುದು ನಮ್ಮ ವಾದ. ಜೊತೆಗೇ ಇನ್ನೊಂದು ಮಾತು: ಆ ಎರಡು ದಿನ ಬರೀ ನೋಡಿ ಹೋಗುವುದಕ್ಕಾದರೆ ಬೇಡವೇ ಬೇಡ. ಸಂತೆ ಮುಗಿದ ಮಾರನೆಯ ದಿನ ಆ ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ? ಅದನ್ನು ಮೊದಲು ಕೇಳೋಣ.

ಟೀವಿ ಬಂತು, ಸ್ಟುಡಿಯೋ ಬರಲಿಲ್ಲ

ನಮ್ಮ ಭಾಗಕ್ಕೆ ಟೀವಿ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ಬಂತು. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ ಆ ಪ್ರಯೋಗಕ್ಕೆ 'ಸೈಟ್' ಎಂದು ಹೆಸರು. ಕರ್ನಾಟಕದಲ್ಲಿ ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿ ಜಾಲರಿಯ ದೊಡ್ಡ ಆಂಟೆನಾ, ಊರಿಗೊಂದು ಟೀವಿ, ಮುಂದೆ ನೆಲದ ಮೇಲೆ ಕೂತ ಊರು. ಬೆಂಗಳೂರಿನ ಮನೆಗಳಲ್ಲಿ ಟೀವಿ ಇಲ್ಲದ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಟೀವಿ ಇತ್ತು.

ಬೇಸಾಯ, ಆರೋಗ್ಯ, ಶಾಲಾ ಮಕ್ಕಳ ಪಾಠ ಎಲ್ಲ ಬಂತು, ಕನ್ನಡದಲ್ಲೇ ಬಂತು. ಆದರೆ ಆ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ. ನಾವು ನೋಡುವವರಾದೆವು, ಮಾಡುವವರಾಗಲಿಲ್ಲ.

ಅದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೋದವರೇ ಬೇರೆ ದಾರಿ ಹಿಡಿದಿದ್ದರು. ಪೀಜ್ ಎಂಬ ಹಳ್ಳಿಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು, ಆ ಜಿಲ್ಲೆಯ ಮಾತಿನಲ್ಲಿ, ಆ ಜಿಲ್ಲೆಯ ಸಮಸ್ಯೆಗಳ ಮೇಲೆ, ಅಲ್ಲಿನ ಜನರನ್ನು ಸೇರಿಸಿಕೊಂಡು ಕಾರ್ಯಕ್ರಮ ಮಾಡಿದರು. ಕೂಲಿ, ಜಾತಿ, ಜಮೀನ್ದಾರರ ದಬ್ಬಾಳಿಕೆ ಎಲ್ಲ ಅದರಲ್ಲಿ ಬಂತು. ಟೀವಿ ಪೆಟ್ಟಿಗೆ ಹಳ್ಳಿಗೆ ಬರುವುದಕ್ಕೂ ಹಳ್ಳಿಯ ಜನ ಟೀವಿಯೊಳಗೆ ಮಾತಾಡುವುದಕ್ಕೂ ಎಷ್ಟು ಅಂತರ ಇದೆ ಅನ್ನುವುದು ಖೇಡಾ ನೋಡಿದರೆ ತಿಳಿಯುತ್ತದೆ.

ಪಕ್ಕದ ಪಸ್ತಾಪುರದಲ್ಲಿ ಏನಾಯಿತು

ದೂರದ ಉದಾಹರಣೆ ಬೇಡ ಅನ್ನುವವರು ಬೀದರ್ ಗಡಿ ದಾಟಿ ಜಹೀರಾಬಾದ್ ಕಡೆ ಹೋಗಲಿ. ಅಲ್ಲಿ ಪಸ್ತಾಪುರ ಎಂಬ ಊರಿದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಅಲ್ಲಿ ಸಿರಿಧಾನ್ಯ ಬೆಳೆಯುವ ಕೆಲಸಕ್ಕೆ ಹೆಸರಾದವು. ಆ ಸಂಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. 2023ರಲ್ಲಿ ತೀರಿಕೊಂಡರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಸಂಘದ ಮಹಿಳೆಯರು ವಿಡಿಯೋ ಕ್ಯಾಮೆರಾ ಕಲಿತರು. ಹೆಚ್ಚಿನವರು ದಲಿತ ಮಹಿಳೆಯರು, ಕೂಲಿ ಮಾಡಿದವರು, ಶಾಲೆ ಮೆಟ್ಟಿಲು ಹತ್ತದವರೂ ಅವರಲ್ಲಿದ್ದರು. 2001ರಲ್ಲಿ ಅವರದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಆಯಿತು. ಅಕ್ಷರ ಬಾರದವರು ಅಕ್ಷರಕ್ಕೆ ಕಾಯದೆ ಚಿತ್ರದಲ್ಲೇ ತಮ್ಮ ಮಾತು ಹೇಳಿದರು.

ಅವರು ಕ್ಯಾಮೆರಾ ಕೋನಗಳಿಗೆ ಇಟ್ಟ ಹೆಸರು ನಮಗೆ ಡಿಪ್ಲೊಮಾ ಕ್ಲಾಸಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಮೇಲಿನಿಂದ ಕೆಳಗೆ ನೋಡುವ ಶಾಟ್‌ಗೆ ಅವರು 'ಪಟೇಲ್ ಶಾಟ್' ಅಂದರು, ಯಾಕೆಂದರೆ ಊರ ಪಟೇಲ ಹಾಗೆ ನೋಡುತ್ತಾನೆ. ಕಣ್ಣಿಗೆ ಕಣ್ಣು ಸಮ ಇರುವ ಶಾಟ್‌ಗೆ 'ಸಂಘಂ ಶಾಟ್' ಅಂದರು, ಯಾಕೆಂದರೆ ಸಂಘದಲ್ಲಿ ಎಲ್ಲರೂ ಒಂದೇ ಚಾಪೆ ಮೇಲೆ ಕೂರುತ್ತಾರೆ. ಈ ಹೆಸರು ತಿಳಿದ ಮೇಲೆ ಟೀವಿ ಸುದ್ದಿ ನೋಡಿ. ನೆರೆ ಬಂದಾಗ, ಬರ ಬಿದ್ದಾಗ, ಪರಿಹಾರದ ಕಿಟ್ ಹಂಚುವಾಗ ನಮ್ಮ ಜನರನ್ನು ತೋರಿಸುವುದು ಯಾವ ಶಾಟ್‌ನಲ್ಲಿ ಅಂತ ನೀವೇ ಲೆಕ್ಕ ಹಾಕಿ.

ಅದೇ ಮಹಿಳೆಯರು ವರಂಗಲ್ ಜಿಲ್ಲೆಗೆ ಹೋಗಿ ಬಿಟಿ ಹತ್ತಿ ಬೆಳೆದ ರೈತರ ಚಿತ್ರ ತೆಗೆದರು. ಒಂದು ಸಲ ಹೋಗಿ ಬಂದದ್ದಲ್ಲ, ಬಿತ್ತನೆಯಿಂದ ಫಸಲಿನವರೆಗೆ ಅದೇ ರೈತರ ಹೊಲಕ್ಕೆ ಮತ್ತೆ ಮತ್ತೆ ಹೋದರು. ಆ ಚಿತ್ರ 2003ರಲ್ಲಿ ಬಂತು, ಮುಂದೆ ಮೂರು ವರ್ಷದ ಕತೆ ಹೇಳುವ ಇನ್ನೊಂದು ಬಂತು. ಬಿಟಿ ಹತ್ತಿ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಬೆಳೆಯ ಕತೆ ಹೇಳಲು ಒಂದು ಬೆಳೆಯಷ್ಟು ಕಾಲ ಬೇಕು ಅನ್ನುವುದನ್ನು ಬೇಸಾಯ ಮಾಡಿದವರಿಗೆ ಹೇಳಿಕೊಡಬೇಕಿಲ್ಲ.

ಬೂದಿಕೋಟೆಯ ಕೇಬಲ್, ಹೆಗ್ಗೋಡಿನ ಪರದೆ

ನಮ್ಮ ರಾಜ್ಯದಲ್ಲೂ ಆಗಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅಂತ ಒಂದು ಸಮುದಾಯ ಸ್ಟುಡಿಯೋ ಶುರುವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಕಟ್ಟಿದ್ದು, ಸ್ವಸಹಾಯ ಸಂಘದ ಮಹಿಳೆಯರು ತೊಡಗಿಕೊಂಡದ್ದು. ಆಗ ಹಳ್ಳಿ ಜನರ ಸಂಘಗಳಿಗೆ ಗಾಳಿಯಲ್ಲಿ ರೇಡಿಯೋ ಬಿಡಲು ಪರವಾನಗಿ ಇರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. 2003ರಲ್ಲಿ ಟೀವಿ ಕೇಬಲ್ ಎಳೆದ ಹಾಗೆ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು.

ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ಕೊಡುವ ನೀತಿ ಬಂದದ್ದು 2006ರ ನವೆಂಬರ್‌ನಲ್ಲಿ. ಪಸ್ತಾಪುರದ ಸಂಘಂ ರೇಡಿಯೋ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರು ಕಾರ್ಯಕ್ರಮ ಮುದ್ರಿಸಿ, ಕ್ಯಾಸೆಟ್ ಹಿಡಿದು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಟೀವಿಗೆ ಅಂಥ ಸಮುದಾಯ ಪರವಾನಗಿ ನಮ್ಮ ದೇಶದಲ್ಲಿ ಬಂದೇ ಇಲ್ಲ. ಈಗ ಅದಕ್ಕೆ ಕಾಯಬೇಕಾಗಿಯೂ ಇಲ್ಲ, ಚಿತ್ರ ಜನರಿಗೆ ಮುಟ್ಟಿಸಲು ಎಲ್ಲರ ಕೈಯಲ್ಲಿ ಫೋನ್ ಇದೆ.

ಇನ್ನು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡು. ನೀನಾಸಮ್ ಅಂದರೆ ನಾಟಕ ಎಂದು ಎಲ್ಲರಿಗೂ ಗೊತ್ತು. 1949ರಲ್ಲಿ ಹುಟ್ಟಿದ ಆ ಸಂಸ್ಥೆ 1973ರಲ್ಲಿ ಚಿತ್ರಸಮಾಜವನ್ನೂ ಶುರು ಮಾಡಿತು. ಅಡಿಕೆ ತೋಟದ ಆ ಸಣ್ಣ ಊರಿನ ಜನ ಜಪಾನ್, ಇಟಲಿ, ಬಂಗಾಳದ ಸಿನಿಮಾ ನೋಡಿದರು, ನೋಡಿ ಚರ್ಚೆ ಮಾಡಿದರು. ಹಳ್ಳಿಯವರಿಗೆ ಇದು ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ಕೆ.ವಿ. ಸುಬ್ಬಣ್ಣನವರು ಒಪ್ಪಲಿಲ್ಲ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಾ ಬಂದ ಸಂಸ್ಕೃತಿ ಶಿಬಿರದಲ್ಲಿ ಹಗಲು ಮಾತುಕತೆ, ಸಂಜೆ ನಾಟಕ. ಶಿಬಿರ ಮುಗಿದರೂ ಶಾಲೆ ಉಳಿಯುತ್ತದೆ, ತಿರುಗಾಟ ಹೊರಡುತ್ತದೆ. ಹಬ್ಬದ ಹಿಂದೆ ವರ್ಷವಿಡೀ ನಡೆಯುವ ಕೆಲಸ ಇರುವುದರಿಂದಲೇ ಆ ಹಬ್ಬಕ್ಕೆ ತೂಕ.

ಫೋನ್ ಇದೆಯಲ್ಲ, ಇನ್ನೇನು ಬೇಕು?

ಈ ಪ್ರಶ್ನೆ ಬಂದೇ ಬರುತ್ತದೆ. ಹೌದು, ಫೋನ್ ಇದೆ. ಜಾತ್ರೆ, ಜಗಳ, ಬೈಕ್ ಸ್ಟಂಟ್, ತೇರಿನ ಗಾಲಿ ಎಲ್ಲ ಎರಡು ನಿಮಿಷದೊಳಗೆ ಸ್ಟೇಟಸ್‌ಗೆ ಹೋಗುತ್ತದೆ. ಆದರೆ ರೀಲ್ಸ್ ಮಾಡುವವರಲ್ಲಿ ಎಷ್ಟು ಮಂದಿ ತಮ್ಮೂರಿನ ದೊಡ್ಡಾಟವನ್ನು ಮೊದಲಿಂದ ಕೊನೆಯವರೆಗೆ, ಹಾಡು ಕೇಳುವ ಹಾಗೆ ಚಿತ್ರ ಮಾಡಿದ್ದಾರೆ? ಸೋಬಾನೆ ಹಾಡುವ ಅಜ್ಜಿಯ ದನಿ ಫ್ಯಾನಿನ ಸದ್ದು, ಮೋಟರ್ ಸದ್ದು ಇಲ್ಲದೆ ಎಷ್ಟು ಫೋನ್‌ನಲ್ಲಿದೆ? ಮೊಹರಂ ರಿವಾಯತ್ ಪದ, ಗೀಗಿ ಪದ, ತತ್ವಪದ, ಚೌಡಿಕೆ ಪದ ಹಾಡುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಒಬ್ಬರು ಹೋದರೆ ಅವರ ಜೊತೆ ರಾತ್ರಿಯಿಡೀ ಹಾಡುವಷ್ಟು ಪದ ಹೋಗುತ್ತದೆ. ಫೋನ್ ತುಂಬಿದಾಗ ನಾವು ಮೊದಲು ಅಳಿಸುವುದೂ ಇಂಥ ಉದ್ದನೆಯ ವಿಡಿಯೋಗಳನ್ನೇ.

ನಾವು ಜಿಲ್ಲೆಯಿಂದ ಸುದ್ದಿ ಕಳಿಸುವವರು. ಹೇಗೆ ಕಳಿಸುತ್ತೇವೆ ಅಂತಲೂ ಹೇಳಬೇಕು. ಕೆರೆ ಒತ್ತುವರಿ ಬಗ್ಗೆ ಅರ್ಧ ಗಂಟೆ ವಿವರವಾಗಿ ಹೇಳಿದ ಹಿರಿಯರ ಮಾತಿನಲ್ಲಿ ಮೇಲಿನವರಿಗೆ ಬೇಕಾಗುವುದು ಅವರು ಸಿಟ್ಟಿನಲ್ಲಿ ಬೈದ ಎರಡು ವಾಕ್ಯ. ಉಳಿದದ್ದು ಕಸಕ್ಕೆ. ಆ ಅರ್ಧ ಗಂಟೆಯಲ್ಲಿ ಕೆರೆಯ ಗಡಿ ಎಲ್ಲಿತ್ತು, ತೂಬು ಯಾವಾಗ ಮುಚ್ಚಿತು, ಯಾರ ಕಾಲದಲ್ಲಿ ಬದು ಒಡೆಯಿತು ಎಲ್ಲ ಇತ್ತು. ಅದು ಊರಿನ ದಾಖಲೆ. ಅದನ್ನು ಕೂಡಿಡುವ ಜಾಗ ನಮ್ಮ ಯಾವ ಊರಲ್ಲೂ ಇಲ್ಲ.

ಸ್ಟುಡಿಯೋ ಬೇಕಾಗಿರುವುದು ಇದಕ್ಕೆ. ಸದ್ದಿಲ್ಲದ ಒಂದು ಕೋಣೆ, ಎಡಿಟಿಂಗ್ ಕಲಿಸುವ ಒಬ್ಬರು, ಮಾಡಿದ್ದನ್ನು ಹತ್ತು ವರ್ಷ ಬಿಟ್ಟೂ ಹುಡುಕಿ ಕೊಡುವ ಒಂದು ಕಪಾಟು. ಕೋಟಿ ರೂಪಾಯಿ ಕಟ್ಟಡ ಬೇಡ. ಕೋಣೆಯ ಗೋಡೆಗೆ ದಪ್ಪನೆಯ ಕೌದಿ ಇಳಿಬಿಟ್ಟರೆ ಸದ್ದು ಮಾರ್ದನಿಸುವುದು ಕಡಿಮೆಯಾಗುತ್ತದೆ. ಒಳ್ಳೆಯ ಎರಡು ಫೋನ್, ಸ್ಟ್ಯಾಂಡ್, ಕಾಲರ್ ಮೈಕು, ಎರಡು ಎಲ್‌ಇಡಿ ಲೈಟು, ಒಂದು ಕಂಪ್ಯೂಟರ್, ಕರೆಂಟ್ ಹೋದಾಗ ಇನ್ವರ್ಟರ್. ದನಿ ತಿದ್ದಲು ಆಡಾಸಿಟಿ, ವಿಡಿಯೋ ಜೋಡಿಸಲು ಕೆಡೆನ್‌ಲೈವ್‌ನಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ. ಹಾರ್ಡ್ ಡಿಸ್ಕ್ ಮಾತ್ರ ಎರಡು ಇರಲಿ, ಒಂದೇ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಲಿ.

ಎರಡು ದಿನದ ಸಂತೆ ಹೇಗಿರಬೇಕು

ಮೊದಲು ದಿನದ ಲೆಕ್ಕ. ಶನಿವಾರ, ಭಾನುವಾರ ಅನ್ನುವುದು ಆಫೀಸಿನವರ ರಜೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಭಾನುವಾರವೂ ಕೂಲಿಯೇ. ನಮ್ಮ ಕಡೆ ಅಮಾವಾಸ್ಯೆ ದಿನ, ಸೋಮವಾರ ದಿನ ಎತ್ತಿಗೆ ಹೂಡುವುದಿಲ್ಲ. ಬಿತ್ತನೆ, ರಾಶಿ ಎರಡೂ ಇಲ್ಲದ ತಿಂಗಳಲ್ಲಿ ಅಂಥ ದಿನ ನೋಡಬೇಕು. ಹೆಣ್ಣುಮಕ್ಕಳು ಬರಬೇಕಾದರೆ ಮಧ್ಯಾಹ್ನ ಎರಡು ತಾಸು, ರಾತ್ರಿ ಊಟ ಆದ ಮೇಲೆ ಎರಡು ತಾಸು ಅವರಿಗೆ ಅಂತಲೇ ಇಡಬೇಕು.

ಎರಡನೆಯದು ಜಾಗ. ಇದು ಸಣ್ಣ ವಿಷಯ ಅಲ್ಲ. ಸ್ಟುಡಿಯೋ ಗೌಡರ ವಾಡೆಯಲ್ಲಿದ್ದರೆ ಕೇರಿಯ ಹುಡುಗ ಒಳಗೆ ಕಾಲಿಡಲು ಹಿಂದೆ ಮುಂದೆ ನೋಡುತ್ತಾನೆ. ಒಂದು ಗುಡಿಯ ಆವರಣದಲ್ಲಿದ್ದರೆ ರಿವಾಯತ್ ಹಾಡುವವರು ಬರಲು ಯೋಚಿಸುತ್ತಾರೆ. ಶಾಲೆ ಅಥವಾ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅದು ಸರಿ. ಯಾರೂ ಯಾರನ್ನೂ ಕೇಳದೆ ಒಳಗೆ ಬರುವಂಥ ಬಾಗಿಲು ಇರಬೇಕು.

ಮೂರನೆಯದು ಕಾರ್ಯಕ್ರಮ. ವೇದಿಕೆ, ಉದ್ಘಾಟನೆ, ಶಾಲು, ಹಾರ, ಹತ್ತು ಜನರ ಭಾಷಣ ಇಷ್ಟರಲ್ಲೇ ಅರ್ಧ ದಿನ ಕಳೆಯುವ ಪದ್ಧತಿ ಬಿಡೋಣ. ಮೊದಲ ದಿನ ಬೆಳಿಗ್ಗೆಯೇ ಐದೈದು ಜನರ ತಂಡ ಮಾಡಿ ಕ್ಯಾಮೆರಾ ಕೊಡಲಿ. ತಂಡದಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ಹಿರಿಯರು, ಬೇರೆ ಬೇರೆ ಓಣಿಯವರು ಇರಲಿ. ಮೂರು ನಿಮಿಷದ ಒಂದೇ ಒಂದು ಚಿತ್ರ: ಕಂಬಾರರ ಕುಲುಮೆ, ಕುರಿ ಉಣ್ಣೆ ಕತ್ತರಿಸುವುದು, ನೀರಿನ ಟ್ಯಾಂಕ್ ಯಾಕೆ ತುಂಬುವುದಿಲ್ಲ, ಯಾವುದಾದರೂ ಸರಿ. ಅದೇ ಹೊತ್ತಿಗೆ ಒಳಗೆ ಕೌದಿ ಕಟ್ಟಿದ ಕೋಣೆಯಲ್ಲಿ ಹಾಡುವವರ ದನಿ ಮುದ್ರಣ ನಡೆಯಲಿ. ಎರಡನೆಯ ದಿನ ಎಡಿಟಿಂಗ್. ರಾತ್ರಿ ಬಿಳಿ ಧೋತ್ರ ಕಟ್ಟಿ ಊರ ಮುಂದೆ ಎಲ್ಲ ಚಿತ್ರ ತೋರಿಸಲಿ, ಚಿತ್ರದಲ್ಲಿ ಇರುವವರೇ ಮುಂದಿನ ಸಾಲಿನಲ್ಲಿ ಕೂರಲಿ.

ಇದರಲ್ಲಿ ಒಂದು ನಿಯಮ ಮುಖ್ಯ. ಕೆನಡಾದ ಫೋಗೋ ದ್ವೀಪದಲ್ಲಿ 1967ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯವರು ಮೀನುಗಾರರ ಹಳ್ಳಿಗಳಲ್ಲಿ ಹೀಗೇ ಸಣ್ಣ ಸಣ್ಣ ಚಿತ್ರ ಮಾಡಿದರು. ಆ ಜನರನ್ನು ದ್ವೀಪದಿಂದ ಎಬ್ಬಿಸುವ ಮಾತು ನಡೆದಿದ್ದ ಕಾಲ ಅದು. ತೆಗೆದ ಚಿತ್ರವನ್ನು ಆ ಜನರಿಗೇ ತೋರಿಸಿ, ಅವರು ಒಪ್ಪಿದ ಮೇಲೆ ಹೊರಗೆ ಒಯ್ದರು. ಒಂದು ಹಳ್ಳಿಯ ಮಾತನ್ನು ಇನ್ನೊಂದು ಹಳ್ಳಿ ಕೇಳಿತು, ಸರ್ಕಾರವೂ ಕೇಳಿತು. ಮೀನುಗಾರರು ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಚಿತ್ರದಲ್ಲಿ ಇರುವವರು ಮೊದಲು ನೋಡಬೇಕು ಅನ್ನುವ ಆ ನಿಯಮವನ್ನು ನಾವೂ ಗೋಡೆ ಮೇಲೆ ಬರೆದುಕೊಳ್ಳೋಣ.

ಹಾಡಿದವರ ಹಕ್ಕು

ಈಗ ಆಗುತ್ತಿರುವುದು ಏನೆಂದರೆ, ಯಾರೋ ಬಂದು ಅಜ್ಜಿಯ ಹಾಡು ಮುದ್ರಿಸಿಕೊಂಡು ತಮ್ಮ ಚಾನೆಲ್‌ಗೆ ಹಾಕುತ್ತಾರೆ. ಲಕ್ಷ ಜನ ನೋಡುತ್ತಾರೆ. ಅಜ್ಜಿಗೆ ಒಂದು ಕಪ್ ಚಹಾ.

ಕಾನೂನು ಹೀಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಮಾಡುವವರಿಗೂ ಹಕ್ಕಿದೆ, ಅದು 50 ವರ್ಷ ಇರುತ್ತದೆ. ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು ಮಾತ್ರ ಅಲ್ಲ, ದೊಂಬರಾಟ ಆಡುವವರು, ಹಾವಾಡಿಗರು ಕೂಡ ಆ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಒಪ್ಪಿಗೆ ಇಲ್ಲದೆ ಅವರ ಪ್ರದರ್ಶನವನ್ನು ಮುದ್ರಿಸಿ ಹಂಚುವಂತಿಲ್ಲ. ಆದರೆ ಸಿನಿಮಾದಲ್ಲಿ ಸೇರಿಸಲು ಬರವಣಿಗೆಯಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಆ ಸಿನಿಮಾದಲ್ಲಿ ಬಳಸುವುದನ್ನು ತಡೆಯಲು ಆಗುವುದಿಲ್ಲ. ಹಾಗಾಗಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಸಮುದಾಯ ಸ್ಟುಡಿಯೋದಲ್ಲಿ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಇರಲಿ. ಯಾರು ಹಾಡಿದರು, ಯಾರ ಹತ್ತಿರ ಕಲಿತರು, ಎಲ್ಲಿ ಹಾಕುತ್ತೇವೆ, ಹಣ ಬಂದರೆ ಪಾಲು ಹೇಗೆ, ಬೇಡ ಅಂದರೆ ಯಾರಿಗೆ ಹೇಳಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅವರು ಒಪ್ಪಿದ ಮಾತನ್ನೂ ಮುದ್ರಿಸಿ ಇಡಲಿ.

ಕೀಲಿ ಯಾರ ಹತ್ತಿರ?

ಮೊದಲು ಚರಂಡಿ ಮಾಡಿಸಿ, ಆಮೇಲೆ ಕಲೆ ಅನ್ನುವವರೂ ಇದ್ದಾರೆ. ಅವರ ಮಾತು ತಪ್ಪಲ್ಲ. ಆದರೆ ತುಂಬಿದ ಚರಂಡಿಯ ಪಕ್ಕ ಅಡುಗೆ ಮಾಡುವ ಮನೆಯವರೇ ತಿಂಗಳು ತಿಂಗಳು ಅದರ ಚಿತ್ರ ತೆಗೆದು, ದಿನಾಂಕ ಸಮೇತ ಜೋಡಿಸಿ ಗ್ರಾಮಸಭೆಯಲ್ಲಿ ತೋರಿಸಿದರೆ "ನಮಗೆ ಗೊತ್ತೇ ಇರಲಿಲ್ಲ" ಅನ್ನಲು ಯಾರಿಗೂ ಬರುವುದಿಲ್ಲ. ಹಾಡು ಉಳಿಸುವ ಕ್ಯಾಮೆರಾವೇ ಚರಂಡಿಯನ್ನೂ ತೋರಿಸುತ್ತದೆ.

ನಮಗಿರುವ ಹೆದರಿಕೆ ಬೇರೆ. ನಮ್ಮ ಎಷ್ಟೋ ಊರಲ್ಲಿ ಸಮುದಾಯ ಭವನ ಇದೆ. ಉದ್ಘಾಟನೆ ದಿನ ಮಾತ್ರ ಬಾಗಿಲು ತೆಗೆದದ್ದು. ಈಗ ಒಳಗೆ ಕಣಿಕೆ, ಗೊಬ್ಬರದ ಚೀಲ, ಹೊರಗೆ ತುಕ್ಕು ಹಿಡಿದ ಬೀಗ, ಕೀಲಿ ಯಾರದೋ ಮನೆಯ ಗೂಟದಲ್ಲಿ. ಸ್ಟುಡಿಯೋಗೂ ಇದೇ ಗತಿ ಆಗಬಾರದು. ಕ್ಯಾಮೆರಾ ಪ್ರಭಾವಿಗಳ ಮನೆಯ ಮದುವೆಗೆ ಹೋಗಬಾರದು, ಚುನಾವಣೆ ಬಂದಾಗ ಒಂದು ಪಕ್ಷದ ಪ್ರಚಾರಕ್ಕೆ ಹೋಗಬಾರದು.

ಅದಕ್ಕೆ ನಮ್ಮ ಸಲಹೆ ಸರಳ. ಏಳು ಜನರ ಸಮಿತಿ, ಅದರಲ್ಲಿ ಕನಿಷ್ಠ ನಾಲ್ವರು ಹೆಣ್ಣುಮಕ್ಕಳು, ಪ್ರತಿ ಓಣಿ ಮತ್ತು ಕೇರಿಯಿಂದ ಒಬ್ಬರು. ಕೀಲಿ ಎರಡು ಜೊತೆ: ಒಂದು ಗ್ರಂಥಾಲಯ ನೋಡಿಕೊಳ್ಳುವವರ ಹತ್ತಿರ, ಇನ್ನೊಂದು ಸ್ವಸಹಾಯ ಸಂಘದ ಹತ್ತಿರ. ಕ್ಯಾಮೆರಾ ಯಾರು ಯಾವಾಗ ಒಯ್ದರು, ಯಾವಾಗ ತಂದರು ಅನ್ನುವ ರಿಜಿಸ್ಟರ್ ಗೋಡೆಗೆ ತೂಗು ಹಾಕಲಿ. ವಾರಕ್ಕೆ ಎರಡು ಸಂಜೆ ಕಡ್ಡಾಯವಾಗಿ ಬಾಗಿಲು ತೆಗೆಯಲಿ, ತಿಂಗಳಿಗೊಮ್ಮೆ ಸಿನಿಮಾ ತೋರಿಸಲಿ. ಇಷ್ಟು ನಡೆದರೆ ವರ್ಷದ ಎರಡು ದಿನದ ಸಂತೆಗೆ ಅರ್ಥ ಇದೆ, ವರ್ಷವಿಡೀ ಮಾಡಿದ್ದನ್ನು ತೋರಿಸುವ ದಿನ ಅದಾಗುತ್ತದೆ.

ಇದನ್ನು ಓದುತ್ತಿರುವ ನೀವು ನಾಳೆ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಖಾಲಿ ಕೋಣೆ ಇದೆಯೇ ನೋಡಿ. ಇದ್ದರೆ ಹತ್ತು ಜನರ ಸಹಿ ಹಾಕಿಸಿ, ಮುಂದಿನ ಗ್ರಾಮಸಭೆಯಲ್ಲಿ ಆ ಕೋಣೆ ಕೇಳಿ. ಅರ್ಜಿಯಲ್ಲಿ ಕ್ಯಾಮೆರಾ, ಮೈಕಿನ ಪಟ್ಟಿ ಕೆಳಗೆ ಬರೆಯಿರಿ. ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದನ್ನು ಮೊದಲ ಸಾಲಿನಲ್ಲಿ ಬರೆಯಿರಿ.